ಓಡ್ಡಾ ಬಂದರು: ಹಡಗಿನಲ್ಲಿ ಬಂದದ್ದೆಲ್ಲ ಹಡಗಿನಲ್ಲೇ ಹೊರಡುತ್ತದೆಯೇ?

ಬರ್ಗೆನ್ ವಿದ್ಯಾರ್ಥಿನಿ:

ಎಲ್ಲರಿಗೂ ನಮಸ್ಕಾರ. ನನ್ನ ಊರು ದಾವಣಗೆರೆ, ಸದ್ಯಕ್ಕೆ ನಾರ್ವೆಯ ಬರ್ಗೆನ್ ನಗರದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುತ್ತಿದ್ದೇನೆ. ಕಳೆದ ಬೇಸಿಗೆಯಲ್ಲಿ ಗೆಳತಿಯರೊಂದಿಗೆ ಟ್ರೋಲ್‌ಟುಂಗಾ ಬಂಡೆಗೆ ಹೋಗಲೆಂದು ಹೊರಟು ಓಡ್ಡಾ ಎಂಬ ಪುಟ್ಟ ಊರಿನಲ್ಲಿ ಎರಡು ರಾತ್ರಿ ತಂಗಿದ್ದೆವು. ಬೆಟ್ಟಗಳ ನಡುವೆ ಒಳನುಗ್ಗಿದ ಕಡಲಿನ ಚಾಚಾದ ಹಾರ್ಡಾಂಗರ್ ಫ್ಯೋರ್ಡ್‌ನಿಂದ ದಕ್ಷಿಣಕ್ಕೆ ಕವಲೊಡೆದು 38 ಕಿಲೋಮೀಟರ್ ಚಾಚಿಕೊಂಡಿರುವ ಸೋರ್‌ಫ್ಯೋರ್ಡ್‌ನ ತುತ್ತತುದಿಯಲ್ಲಿ ಈ ಊರಿದೆ. ದಾರಿಯುದ್ದಕ್ಕೂ ನೀರಿನ ಅಂಚಿನಲ್ಲಿ ಸೇಬಿನ ತೋಟಗಳು, ಅವುಗಳ ಬೆನ್ನಿಗೆ ಗೋಡೆಯಂತೆ ಎದ್ದ ಬೆಟ್ಟ, ಪಶ್ಚಿಮದ ನೆತ್ತಿಯ ಮೇಲೆ ಫೋಲ್ಗೆಫೊನ್ನಾ ಹಿಮನದಿ. ಇಷ್ಟನ್ನೆಲ್ಲ ನೋಡಿಕೊಂಡು ಊರು ತಲುಪಿದಾಗ, ಐಟರ್‌ಹೈಮ್ ಎಂಬ ನೆಲಚಾಚಿನ ಮೇಲೆ ದೊಡ್ಡ ಕಾರ್ಖಾನೆಯೊಂದು, ಅದರ ದಕ್ಕೆಗೆ ಕಟ್ಟಿದ ಹಡಗು, ಆ ಹಡಗಿನ ಹೊಟ್ಟೆಯಿಂದ ಬೂದುಗಪ್ಪು ಪುಡಿಯನ್ನು ಬಾಚಿ ಬಾಚಿ ಎತ್ತುತ್ತಿದ್ದ ಕ್ರೇನ್ ಕಣ್ಣಿಗೆ ಬಿದ್ದವು. ಅರ್ಧ ಗಂಟೆ ಅಲ್ಲೇ ನಿಂತುಬಿಟ್ಟೆ.

ಆ ಪುಡಿ ಸತುವಿನ ಅದಿರು ಎಂದು ನಾವು ತಂಗಿದ್ದ ಮನೆಯ ಹಿರಿಯ ಮಹಿಳೆ ತಿಳಿಸಿದರು. ತಮ್ಮ ಮಕ್ಕಳು ಚಿಕ್ಕವರಿದ್ದಾಗ ನೀರಂಚಿನ ಬಂಡೆಗಳಿಗೆ ಅಂಟಿಕೊಂಡ ಚಿಪ್ಪುಗಳನ್ನು ಕಿತ್ತು ತಿನ್ನದಂತೆ ಕಾಯುತ್ತಿದ್ದುದನ್ನೂ ಹೇಳಿದರು. ಎರಡು ಪ್ರಶ್ನೆಗಳು ಅಂದಿನಿಂದ ಮನಸ್ಸಿನಲ್ಲಿ ಉಳಿದಿವೆ. ತೆರೆದ ಕಡಲಿನಿಂದ ಸುಮಾರು 150 ಕಿಲೋಮೀಟರ್ ಒಳಗೆ, ಐದು ಸಾವಿರದಷ್ಟು ಜನರಿರುವ ಊರಿಗೆ, ಹಡಗಿನ ಮೇಲೆ ಹಡಗು ಅದಿರು ಬರುವುದೇಕೆ? ಬಂದ ಅದಿರಿನಲ್ಲಿ ಎಷ್ಟು ಭಾಗ ಅಲ್ಲಿಂದ ಹೊರಟು ಹೋಗುತ್ತದೆ, ಎಷ್ಟು ಭಾಗ ಅಲ್ಲೇ ಉಳಿಯುತ್ತದೆ?

ಮಲ್ಪೆ ಕಡಲಿಗ:

ತಂಗಿ, ನಿಮ್ಮ ಪ್ರಶ್ನೆ ಓದಿ ನನಗೆ 1990ರ ದಶಕದ ಒಂದು ಬೆಳಗು ನೆನಪಾಯಿತು. ಸರಕು ಹಡಗುಗಳಲ್ಲಿ ಚೀಫ್ ಆಫೀಸರ್ ಆಗಿ ದುಡಿದು ಈಗ ನಿವೃತ್ತನಾಗಿದ್ದೇನೆ. ಐರ್ಲೆಂಡ್‌ನ ನಾವನ್ ಬಳಿಯ ತಾರಾ ಗಣಿಯ ಸತುವಿನ ಅದಿರನ್ನು ಡಬ್ಲಿನ್‌ನಲ್ಲಿ ತುಂಬಿಕೊಂಡು ನಾವು ಇದೇ ಓಡ್ಡಾಕ್ಕೆ ಹೋಗಿದ್ದೆವು. ನಮ್ಮದು ನಾಲ್ಕು ಸಾವಿರ ಟನ್ ಹೊರುವ ಸಣ್ಣ ಹಡಗು. ಮೂರನೆಯ ದಿನ ನಸುಕಿನಲ್ಲಿ, ಹಡಗಿಗೆ ದಾರಿ ತೋರಿಸುವ ಸ್ಥಳೀಯ ಪೈಲಟ್ ಹತ್ತಿದರು, ದಕ್ಕೆಗೆ ಹಗ್ಗ ಹಾಕುವಾಗ ಮಧ್ಯಾಹ್ನ ದಾಟಿತ್ತು. ನಡುವಿನ ಏಳು ಗಂಟೆಯೂ ಬೆಟ್ಟಗಳ ನಡುವೆಯೇ ಪಯಣ.

ಫ್ಯೋರ್ಡ್ ಎಂದರೆ ಹಿಮನದಿ ಉಳುಮೆ ಮಾಡಿ ಬಿಟ್ಟುಹೋದ ಕಣಿವೆಗೆ ಕಡಲು ನುಗ್ಗಿ ನಿಂತದ್ದು. ಹೆಚ್ಚಿನ ಫ್ಯೋರ್ಡ್‌ಗಳು ಬಾಯಿಯ ಬಳಿ ಕಡಿಮೆ ಆಳ, ಒಳಗೆ ಹೋದರೆ ಹೆಚ್ಚು ಆಳ. ಹಾರ್ಡಾಂಗರ್‌ನಲ್ಲಿ ಕೆಲವೆಡೆ 800 ಮೀಟರಿಗೂ ಮಿಗಿಲು. ನಮ್ಮ ಕರಾವಳಿಯ ಬಂದರುಗಳು ಹೆಚ್ಚಾಗಿ ಅಳಿವೆಗಳಲ್ಲಿವೆ, ಪ್ರತಿ ಮಳೆಗಾಲ ಹೊಳೆ ತರುವ ಹೂಳನ್ನು ಎತ್ತುತ್ತಲೇ ಇರಬೇಕು. ಅಲ್ಲಿ ಬೆಟ್ಟದ ಗೋಡೆ ನೇರವಾಗಿ ನೀರಿಗೆ ಇಳಿಯುವುದರಿಂದ ದಡದ ಮಗ್ಗುಲಲ್ಲೇ ಹಡಗಿಗೆ ಬೇಕಾದ ಆಳ ಸಿಗುತ್ತದೆ. ಅಟ್ಲಾಂಟಿಕ್‌ನ ಬೆಚ್ಚಗಿನ ಪ್ರವಾಹದ ಕೃಪೆಯಿಂದ ಚಳಿಗಾಲದಲ್ಲೂ ಹಡಗಿನ ದಾರಿ ತೆರೆದಿರುತ್ತದೆ. ಅಲೆಯ ಕಾಟವಿಲ್ಲ, ಭರತ ಇಳಿತದ ವ್ಯತ್ಯಾಸ ಒಂದು ಮೀಟರ್ ಆಸುಪಾಸು. ಆದರೆ ಇದೇ ಆಳ ಇನ್ನೊಂದು ರೀತಿಯಲ್ಲಿ ಕಷ್ಟ ಕೊಡುತ್ತದೆ. ನಮ್ಮಂಥ ಹಡಗಿನ ಲಂಗರಿನ ಸರಪಳಿ ಇನ್ನೂರು ಇನ್ನೂರೈವತ್ತು ಮೀಟರ್ ಇರುತ್ತದೆ. ತಳ ಅದರ ಅಳತೆಗೆ ಸಿಗುವುದಿಲ್ಲ. ದಕ್ಕೆ ಖಾಲಿಯಿಲ್ಲವೆಂದರೆ ಲಂಗರು ಹಾಕಿ ಕಾಯುವ ಜಾಗ ಸುಲಭವಾಗಿ ಸಿಗದ ಕಾರಣ, ಗಂಟೆ ಲೆಕ್ಕ ಹಾಕಿಕೊಂಡೇ ಒಳಗೆ ಹೋಗಬೇಕಾಗುತ್ತಿತ್ತು.

ನೀವು ನೋಡಿದ ಆ ಪುಡಿಯ ಬಗ್ಗೆಯೂ ಒಂದು ಮಾತು. ಅದು ಎಷ್ಟು ಭಾರವೆಂದರೆ, ಹಡಗು ತನ್ನ ಮಿತಿಯ ಗೆರೆಯವರೆಗೆ ಮುಳುಗಿದಾಗಲೂ ಸರಕು ತುಂಬುವ ಹೋಲ್ಡ್ ಅರ್ಧಕ್ಕಿಂತ ಹೆಚ್ಚು ಖಾಲಿ ಕಾಣುತ್ತದೆ. ಅದರ ನಿಜವಾದ ಅಪಾಯ ಇರುವುದು ತೇವದಲ್ಲಿ. ತೇವ ಮಿತಿ ಮೀರಿದರೆ, ಅಲೆಯ ಹೊಯ್ದಾಟಕ್ಕೂ ಎಂಜಿನಿನ ನಡುಕಕ್ಕೂ ಕಣಗಳ ನಡುವಿನ ನೀರು ಒತ್ತಡಕ್ಕೆ ಸಿಕ್ಕಿ, ಇಡೀ ರಾಶಿ ಗಂಜಿಯಂತೆ ಒಂದು ಮಗ್ಗುಲಿಗೆ ಹರಿದು ಹಡಗನ್ನು ಮಗುಚುತ್ತದೆ. ಅದಕ್ಕೇ ಡಬ್ಲಿನ್‌ನಲ್ಲಿ ಪ್ರಯೋಗಾಲಯದ ಪತ್ರ ಕೈಯಲ್ಲಿದ್ದರೂ ನಾನು ಡಬ್ಬಿಯ ಪರೀಕ್ಷೆ ಮಾಡುತ್ತಿದ್ದೆ. ಒಂದು ಲೀಟರಿನ ತಗಡಿನ ಡಬ್ಬಿಗೆ ಅರ್ಧದಷ್ಟು ಪುಡಿ ತುಂಬಿ, ಒಂದು ಗೇಣು ಎತ್ತರದಿಂದ ಗಟ್ಟಿ ನೆಲಕ್ಕೆ ಇಪ್ಪತ್ತೈದು ಬಾರಿ ಕುಟ್ಟಬೇಕು. ಮೇಲ್ಮೈಯಲ್ಲಿ ನೀರು ಮಿನುಗಿದರೆ ಅಥವಾ ಪುಡಿ ಕೆಸರಿನಂತೆ ಅಲುಗಿದರೆ ಸರಕನ್ನು ಹತ್ತಿಸಬಾರದು. ನಮ್ಮವರಿಗೂ ಇದು ದೂರದ ಕಥೆಯಲ್ಲ. 2009ರ ಜುಲೈನಲ್ಲಿ ನವಮಂಗಳೂರು ಬಂದರಿನಿಂದ ಕಬ್ಬಿಣದ ಅದಿರಿನ ಪುಡಿ ತುಂಬಿಕೊಂಡು ಹೊರಟ ಏಷಿಯನ್ ಫಾರೆಸ್ಟ್ ಎಂಬ ಹಡಗು ಮಂಗಳೂರಿನ ಕಡಲಿನಲ್ಲೇ ಮಗ್ಗುಲಿಗೆ ವಾಲಿ ಮುಳುಗಿತು. ಸಿಬ್ಬಂದಿಯನ್ನು ಕರಾವಳಿ ರಕ್ಷಣಾ ಪಡೆಯವರು ಉಳಿಸಿದರು.

ಅಷ್ಟು ಒಳಗೆ ಕಾರ್ಖಾನೆ ಏಕೆ ಕಟ್ಟಿದರು ಎಂಬುದನ್ನು ತಿಳಿದವರು ಹೇಳಲಿ.

ಲೋಹಶಾಸ್ತ್ರದ ಮೇಷ್ಟ್ರು:

ಕಡಲಿಗರಿಗೆ ನಮಸ್ಕಾರ. ಅದಿರನ್ನು ಅಷ್ಟು ಒಳಗೆ ಎಳೆದದ್ದು ಎತ್ತರದಿಂದ ಬೀಳುವ ನೀರು.

ಓಡ್ಡಾದಿಂದ ಆರು ಕಿಲೋಮೀಟರ್ ಉತ್ತರಕ್ಕೆ ಟಿಸ್ಸೆಡಾಲ್ ಎಂಬ ಹಳ್ಳಿಯಿದೆ. ಅಲ್ಲಿ ಬೆಟ್ಟದ ಮೇಲಿನ ಸರೋವರದ ನೀರನ್ನು ಸುಮಾರು 400 ಮೀಟರ್ ಎತ್ತರದಿಂದ ಕೊಳವೆಗಳಲ್ಲಿ ಇಳಿಸಿ ವಿದ್ಯುತ್ ಉತ್ಪಾದಿಸುವ ಸ್ಥಾವರದ ನಿರ್ಮಾಣ 1906ರಲ್ಲಿ ಆರಂಭವಾಯಿತು, 1908ರಲ್ಲಿ ಓಡ್ಡಾಕ್ಕೆ ವಿದ್ಯುತ್ ಹರಿಯಿತು. ಥೊರ್ವಾಲ್ಡ್ ಆಸ್ಟ್ರುಪ್ ಎಂಬ ವಾಸ್ತುಶಿಲ್ಪಿ ವಿನ್ಯಾಸಗೊಳಿಸಿದ, ದೇಗುಲದಷ್ಟು ಗಂಭೀರವಾದ ಆ ವಿದ್ಯುದಾಗಾರ ಈಗ ವಸ್ತುಸಂಗ್ರಹಾಲಯದ ಭಾಗವಾಗಿದೆ. ಅಂದಿನ ಕಾಲಕ್ಕೆ ಭಾರಿ ಪ್ರಮಾಣದ ವಿದ್ಯುತ್ತನ್ನು ನೂರಾರು ಕಿಲೋಮೀಟರ್ ಸಾಗಿಸುವುದು ದುಬಾರಿಯೂ ನಷ್ಟದ್ದೂ ಆಗಿತ್ತು. ಅದಿರು, ಕಲ್ಲಿದ್ದಲು, ಸುಣ್ಣಕಲ್ಲುಗಳನ್ನಾದರೋ ಹಡಗಿನಲ್ಲಿ ಅಗ್ಗವಾಗಿ ಸಾಗಿಸಬಹುದಿತ್ತು. ಆದ್ದರಿಂದ ವಿದ್ಯುತ್ ಇದ್ದಲ್ಲಿಗೆ ಸರಕೇ ಬಂತು. ಜಲಪಾತ, ಆಳವಾದ ನೀರು, ಕಾರ್ಖಾನೆ ಕಟ್ಟಲು ಒಂದಿಷ್ಟು ಸಮತಟ್ಟಾದ ನೆಲ, ಈ ಮೂರೂ ಒಂದೆಡೆ ಸೇರಿದ ತಾಣಗಳಲ್ಲೇ ನಾರ್ವೆಯ ಇಂಥ ಸಣ್ಣ ಸರಕು ಬಂದರುಗಳು ಹುಟ್ಟಿದವು. ಸೋಗ್ನೆ ಫ್ಯೋರ್ಡ್‌ನ ಒಳಗಿರುವ ಓರ್ಡಾಲ್ ಮತ್ತು ಹೊಯಾಂಗರ್‌ನಲ್ಲಿ ಅಲ್ಯೂಮಿನಿಯಂ ತಯಾರಾಗುವುದಕ್ಕೂ ಇದೇ ಕಾರಣ.

ಓಡ್ಡಾದಲ್ಲಿ ಮೊದಲು ಬಂದದ್ದು ಕಾರ್ಬೈಡ್. ಮಾವು ಮಾಗಿಸಲು ಕದ್ದು ಬಳಸುವುದರಿಂದ ನಮ್ಮಲ್ಲಿ ಹೆಸರು ಕೆಡಿಸಿಕೊಂಡಿರುವ ಅದೇ ಕ್ಯಾಲ್ಸಿಯಂ ಕಾರ್ಬೈಡ್. ಸುಣ್ಣ ಮತ್ತು ಕಲ್ಲಿದ್ದಲಿನಿಂದ ತಯಾರಾದ ಕೋಕ್ ಅನ್ನು ವಿದ್ಯುತ್ ಕುಲುಮೆಯಲ್ಲಿ 2,000 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಕಾಯಿಸಿದರೆ ಅದು ಸಿಗುತ್ತದೆ. 1908ರಲ್ಲಿ ಬ್ರಿಟಿಷ್ ಬಂಡವಾಳದಿಂದ ಆರಂಭವಾದ ಆ ಕಾರ್ಖಾನೆ 1921ರಲ್ಲಿ ಮುಚ್ಚಿ, 1924ರಲ್ಲಿ ಹೊಸ ಹೆಸರಿನಲ್ಲಿ ಮತ್ತೆ ತೆರೆದು, ಈ ಶತಮಾನದ ಆರಂಭದಲ್ಲಿ ದಿವಾಳಿಯಾಯಿತು. ಸತುವಿನ ಕಾರ್ಖಾನೆ ಐಟರ್‌ಹೈಮ್‌ನಲ್ಲಿ 1929ರಿಂದ ನಡೆಯುತ್ತಿದೆ, ಈಗ ಸ್ವೀಡನ್ನಿನ ಬೋಲಿಡೆನ್ ಸಂಸ್ಥೆಯ ಒಡೆತನದಲ್ಲಿದೆ. ಆಮ್ಲದಲ್ಲಿ ಕರಗಿಸಿದ ಒಂದು ಟನ್ ಸತುವನ್ನು ಆ ದ್ರಾವಣದಿಂದ ತಟ್ಟೆಗಳ ಮೇಲೆ ಇಳಿಸಲು ಮೂರು ಸಾವಿರ ಯೂನಿಟ್‌ಗೂ ಹೆಚ್ಚು ವಿದ್ಯುತ್ ಬೇಕು. ನಮ್ಮ ಮನೆಗಳಲ್ಲಿ ತಿಂಗಳಿಗೆ ನೂರು ಯೂನಿಟ್ ಉರಿಯುತ್ತದೆಂದು ಹಿಡಿದರೆ, ಒಂದು ಟನ್ನಿಗೆ ಎರಡೂವರೆ ವರ್ಷದ ಮನೆಬಳಕೆಯಷ್ಟಾಯಿತು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ನನ್ನ ವಿದ್ಯಾರ್ಥಿಗಳಿಗೆ ನಾನು ಇದನ್ನು ಜಮಾಖರ್ಚಿನ ರೂಪದಲ್ಲೇ ಬರೆಸುತ್ತೇನೆ. ಗಣಿಯಿಂದ ಬರುವ ಸಾಂದ್ರೀಕೃತ ಅದಿರಿನಲ್ಲಿ ಸತುವಿನ ಪಾಲು ಅರ್ಧದಷ್ಟು. ಆದ್ದರಿಂದ ಒಂದು ಟನ್ ಸತುವಿಗೆ ಸುಮಾರು ಎರಡು ಟನ್ ಅದಿರು ಹಡಗಿನಿಂದ ಇಳಿಯಬೇಕು. ಅದನ್ನು 900 ಡಿಗ್ರಿಗೂ ಮೇಲೆ ಹುರಿದಾಗ ಅದರಲ್ಲಿರುವ ಗಂಧಕ ಅನಿಲವಾಗಿ ಹೊರಬಂದು, ಗಾಳಿಯ ಆಮ್ಲಜನಕವನ್ನೂ ನೀರನ್ನೂ ಸೇರಿಸಿಕೊಂಡು, ಒಂದೂವರೆ ಟನ್ನಿಗೂ ಮಿಗಿಲಾದ ಗಂಧಕಾಮ್ಲವಾಗುತ್ತದೆ. ಹೀಗಾಗಿ ದಕ್ಕೆಯ ಲೆಕ್ಕ ಮಾತ್ರ ನೋಡುವವರಿಗೆ ಬಂದದ್ದಕ್ಕಿಂತ ಹೊರಟದ್ದೇ ಹೆಚ್ಚಾಗಿ ಕಾಣುತ್ತದೆ. ಈ ತೂಕ ಕಣ್ಣು ಮರೆಸುತ್ತದೆ, ಏಕೆಂದರೆ ಅದಿರಿನೊಂದಿಗೆ ಬಂದ ಕಬ್ಬಿಣ ಎಲ್ಲಿಗೂ ಹೊರಡುವುದಿಲ್ಲ. ಹುರಿಯುವಾಗ ಅದು ಸತುವಿನ ಒಂದು ಪಾಲನ್ನು ಹಿಡಿದುಕೊಂಡುಬಿಡುತ್ತದೆ. ಬಿಸಿ ಆಮ್ಲದಲ್ಲಿ ಕರಗಿಸಿ ಸತುವನ್ನು ಬಿಡಿಸಿಕೊಂಡರೆ ಕಬ್ಬಿಣವೂ ದ್ರಾವಣಕ್ಕೆ ಬರುತ್ತದೆ. ಆ ಕಬ್ಬಿಣವನ್ನು ಜಾರೋಸೈಟ್ ಎಂಬ ಹಳದಿ ಕೆಸರಾಗಿ ಇಳಿಸುವ ವಿಧಾನವನ್ನು 1960ರ ದಶಕದ ನಡುವಿನಲ್ಲಿ ಸ್ಪೇನ್, ಆಸ್ಟ್ರೇಲಿಯಾ ಮತ್ತು ಇದೇ ಓಡ್ಡಾದ ಕಂಪನಿಗಳು ಬೇರೆಬೇರೆಯಾಗಿ ಕಂಡುಕೊಂಡವು. ಜಗತ್ತಿನ ಸತುವಿನ ಉದ್ಯಮ ಅದರಿಂದ ಬಹಳ ಲಾಭ ಪಡೆಯಿತು. ಅದಿರನ್ನು ಅವಲಂಬಿಸಿ, ಒಂದು ಟನ್ ಸತುವಿಗೆ ಸುಮಾರು ಅರ್ಧ ಟನ್ ಜಾರೋಸೈಟ್ ಉಳಿಯುತ್ತದೆ. ಅದರಲ್ಲಿ ಸೀಸ, ಸತು, ಕ್ಯಾಡ್ಮಿಯಂಗಳ ಅಂಶ ಇರುವುದರಿಂದ ಎಲ್ಲೆಂದರಲ್ಲಿ ಸುರಿಯುವಂತಿಲ್ಲ, ಕೊಳ್ಳುವವರೂ ಸಿಗುವುದಿಲ್ಲ.

ತೀರ್ಥಹಳ್ಳಿ ತೋಟದವರು:

ಮೇಷ್ಟ್ರೇ, ಓಡ್ಡಾ ಎಂಬ ಹೆಸರನ್ನು ನಾನು ಗೊಬ್ಬರದ ವಿಚಾರದಲ್ಲಿ ಓದಿದ ನೆನಪು. ಅದೂ ಇದೇ ಊರೇ?

ಲೋಹಶಾಸ್ತ್ರದ ಮೇಷ್ಟ್ರು:

ಹೌದು, ಇದೇ ಊರು. 1927–28ರಲ್ಲಿ ಅಲ್ಲಿನ ಕಾರ್ಬೈಡ್ ಕಾರ್ಖಾನೆಯ ರಸಾಯನಶಾಸ್ತ್ರಜ್ಞ ಎರ್ಲಿಂಗ್ ಯೊಹ್ನ್‌ಸನ್ ರೂಪಿಸಿದ ವಿಧಾನವನ್ನು ಇಂದಿಗೂ ಓಡ್ಡಾ ಪ್ರಕ್ರಿಯೆ ಎನ್ನುತ್ತಾರೆ. ಶಿಲಾರಂಜಕವನ್ನು (ರಾಕ್ ಫಾಸ್ಫೇಟ್) ಗಂಧಕಾಮ್ಲದ ಬದಲು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ದ್ರಾವಣವನ್ನು ತಣಿಸಿ, ಸುಣ್ಣದ ಅಂಶವನ್ನು ಕ್ಯಾಲ್ಸಿಯಂ ನೈಟ್ರೇಟ್ ಹರಳುಗಳಾಗಿ ಬೇರ್ಪಡಿಸುವುದು ಇದರ ಸಾರ. ನಿಮ್ಮ ಕಡೆ ಅಂಗಡಿಗಳಲ್ಲಿ ಸಿಗುವ ಸುಫಲಾ ಗೊಬ್ಬರ ಈ ನೈಟ್ರೋಫಾಸ್ಫೇಟ್ ಕುಟುಂಬಕ್ಕೇ ಸೇರಿದ್ದು.

ಇದನ್ನು ವಿಷಯಾಂತರವೆಂದು ನಾನು ಭಾವಿಸುವುದಿಲ್ಲ. ಗಂಧಕಾಮ್ಲದ ದಾರಿಯಲ್ಲಿ ಜಿಪ್ಸಂ ಬೆಟ್ಟದಂತೆ ರಾಶಿ ಬೀಳುತ್ತದೆ. ಯೊಹ್ನ್‌ಸನ್ ಅವರ ದಾರಿಯಲ್ಲಿ ಬೇರ್ಪಟ್ಟ ಹರಳೂ ಗೊಬ್ಬರವೇ ಆಗುತ್ತದೆ. ಒಂದೇ ಊರಿನಲ್ಲಿದ್ದ ಎರಡು ಕಾರ್ಖಾನೆಗಳಿಂದ ಜಗತ್ತಿಗೆ ಹೋದ ವಿಧಾನಗಳಲ್ಲಿ ಒಂದು ಉಳಿಕೆಯನ್ನು ಉಪಯೋಗಕ್ಕೆ ತಂದಿತು, ಇನ್ನೊಂದು ಉಳಿಕೆಯನ್ನು ಬೇರೊಂದು ರೂಪಕ್ಕೆ ತಂದು ನಿಲ್ಲಿಸಿತು. ಎರಡನ್ನೂ ಒಟ್ಟಿಗೆ ಪಾಠ ಮಾಡಬೇಕೆಂಬುದು ನನ್ನ ಬಹುದಿನದ ಹಂಬಲ.

ಜಲಮೂಲದ ಓದುಗಿ:

ಮೇಷ್ಟ್ರು ಉಳಿಕೆ ಎಂದು ಮೃದುವಾಗಿ ಕರೆದದ್ದು ಎಲ್ಲಿಗೆ ಹೋಯಿತು ಎಂಬುದನ್ನು ಬಿಡಿಸಿ ಹೇಳಲೇಬೇಕು. 1986ರವರೆಗೂ ಆ ಕೆಸರು ಫ್ಯೋರ್ಡ್‌ಗೆ ಹೋಗುತ್ತಿತ್ತು. 1970ರ ದಶಕದಲ್ಲಿ ಸಂಶೋಧಕರು ಸೋರ್‌ಫ್ಯೋರ್ಡ್‌ನ ನೀರನ್ನೂ ತಳದ ಮಣ್ಣನ್ನೂ ಅಳೆದಾಗ, ಸತು, ಸೀಸ, ಕ್ಯಾಡ್ಮಿಯಂ, ಪಾದರಸಗಳ ಪ್ರಮಾಣದಲ್ಲಿ ಅದು ಜಗತ್ತಿನ ಅತ್ಯಂತ ಕಲುಷಿತ ಫ್ಯೋರ್ಡ್‌ಗಳ ಸಾಲಿಗೆ ಸೇರಿತ್ತು. ವಿದ್ಯಾರ್ಥಿನಿಯವರ ಮನೆಯೊಡತಿ ಮಕ್ಕಳನ್ನು ಕಾಯುತ್ತಿದ್ದುದು ಇದಕ್ಕೇ. ಕರಾವಳಿಯವರು ಪಚ್ಚಿಲೆ ಎನ್ನುವ ಆ ಚಿಪ್ಪುಜೀವಿ ದಿನವಿಡೀ ನೀರನ್ನು ಸೋಸಿ ಬದುಕುವುದರಿಂದ, ನೀರಿನಲ್ಲಿ ಕಾಣದಷ್ಟು ಸಣ್ಣ ಪ್ರಮಾಣದಲ್ಲಿರುವ ಸೀಸ ಕ್ಯಾಡ್ಮಿಯಂಗಳೂ ಅದರ ಮಾಂಸದಲ್ಲಿ ಕೂಡುತ್ತಾ ಹೋಗುತ್ತವೆ. ಆಳದಲ್ಲಿ ದೀರ್ಘಕಾಲ ಬದುಕುವ ಮೀನುಗಳಲ್ಲಿ ಪಾದರಸ ಸೇರಿಕೊಳ್ಳುತ್ತದೆ. ತಿನ್ನಬೇಡಿ ಎಂಬ ಸರ್ಕಾರಿ ಸಲಹೆ ಹೊರಬಿದ್ದದ್ದೂ ಈ ಎರಡರ ಬಗ್ಗೆಯೇ.

ಕಡಲಿಗರು ಆ ಆಳವನ್ನು ಬಂದರಿನ ಭಾಗ್ಯವೆಂಬಂತೆ ವರ್ಣಿಸಿದರು. ಅದು ನಿಜವೇ. ಆದರೆ ಅದೇ ಆಳ ಸುರಿದದ್ದನ್ನೆಲ್ಲ ಕಣ್ಣಿಂದ ಮರೆಮಾಡಿತು. ಹೊಳೆಗೆ ಹೀಗೆ ಸುರಿದಿದ್ದರೆ ವಾರದೊಳಗೆ ಮೀನು ತೇಲಿ ಊರೇ ಎದ್ದು ನಿಲ್ಲುತ್ತಿತ್ತು. ಫ್ಯೋರ್ಡ್‌ನ ಮೇಲ್ಮೈ ನೀಲಿಯಾಗಿಯೇ ಇತ್ತು, ದಡದ ಸೇಬು ಹೂವು ಬಿಡುತ್ತಲೇ ಇತ್ತು.

ನಂತರ ಏನೂ ಮಾಡಲಿಲ್ಲ ಎಂದು ನಾನು ಹೇಳುವುದಿಲ್ಲ, ಹಾಗೆ ಹೇಳಿದರೆ ಅನ್ಯಾಯವಾಗುತ್ತದೆ. 1986ರಿಂದ ಜಾರೋಸೈಟನ್ನು ಕಾರ್ಖಾನೆಯ ಬಳಿಯ ಬೆಟ್ಟದೊಳಗೆ ಬಂಡೆ ಕೊರೆದು ಮಾಡಿದ ಗುಹೆಗಳಿಗೆ ತುಂಬುತ್ತಿದ್ದಾರೆ. ಕಾರ್ಖಾನೆಯ ಪಕ್ಕದ ಐಟರ್‌ಹೈಮ್ ಕೊಲ್ಲಿಯ ತಳವನ್ನು 1992ರಲ್ಲಿ ಬಟ್ಟೆಯಂಥ ಹಾಸಿನಿಂದ ಹೊದಿಸಿ ಮೇಲೆ ಮರಳು ಹಾಕಿದರು. ನೀರಿನಲ್ಲಿ ಲೋಹಗಳ ಪ್ರಮಾಣ ಬಹಳಷ್ಟು ಇಳಿದಿದೆ. ಆದರೂ ತಳದ ಮಣ್ಣು ತಾನು ನುಂಗಿದ್ದನ್ನು ಅಷ್ಟು ಬೇಗ ಬಿಟ್ಟುಕೊಡುವುದಿಲ್ಲ, ಹಳೆಯ ಕೈಗಾರಿಕಾ ನೆಲದಿಂದ ಮಳೆನೀರಿನೊಂದಿಗೆ ಸೋರುವುದೂ ಪೂರ್ತಿ ನಿಲ್ಲುವುದಿಲ್ಲ.

ಈಗ ಅದೇ ಕಾರ್ಖಾನೆಯ ಸಾಮರ್ಥ್ಯವನ್ನು ವರ್ಷಕ್ಕೆ ಸುಮಾರು 2 ಲಕ್ಷ ಟನ್ನಿನಿಂದ 3.5 ಲಕ್ಷ ಟನ್ನಿಗೆ ಏರಿಸುವ ಯೋಜನೆಯನ್ನು 2021ರಲ್ಲಿ ಘೋಷಿಸಿ ಕೈಗೆತ್ತಿಕೊಂಡಿದ್ದಾರೆ. ಜಲವಿದ್ಯುತ್ತಿನಿಂದ ತಯಾರಾದ ಕಾರಣ ಅದನ್ನು ಕಡಿಮೆ ಇಂಗಾಲದ ಸತು ಎಂದು ಕರೆಯುತ್ತಾರೆ, ಆ ಮಾತು ಸುಳ್ಳಲ್ಲ. ಆದರೆ ಮೇಷ್ಟ್ರ ಲೆಕ್ಕದಲ್ಲೇ ಹೇಳುವುದಾದರೆ, ಇಂಗಾಲ ಒಂದು ಸಾಲು ಮಾತ್ರ. ಕಬ್ಬಿಣದ ಸಾಲು ಸತುವಿನ ಸಾಲಿನ ಜೊತೆಗೇ ಬೆಳೆಯುತ್ತದೆ, ಬೆಟ್ಟದೊಳಗೆ ಗುಹೆಗಳೂ ಬೆಳೆಯಬೇಕಾಗುತ್ತದೆ.

ತೀರ್ಥಹಳ್ಳಿ ತೋಟದವರು:

ಹಾಗಾದರೆ ಮುಚ್ಚಿಬಿಡುವುದೇ ಒಳ್ಳೆಯದಲ್ಲವೇ? ಈಗ ವಿದ್ಯುತ್ತನ್ನು ಎಲ್ಲಿಗೆ ಬೇಕಾದರೂ ಸಾಗಿಸಬಹುದು. ಅಂಥ ಚಂದದ ಜಾಗದಲ್ಲಿ ತೋಟ ಮತ್ತು ಪ್ರವಾಸ ಸಾಕು ಎಂದು ನನಗನ್ನಿಸುತ್ತದೆ.

ಜಲಮೂಲದ ಓದುಗಿ:

ಮುಚ್ಚಬೇಕೆಂಬುದು ನನ್ನ ವಾದವಲ್ಲ. ನಮ್ಮ ಮನೆಯ ತಗಡಿನ ಮಾಡು, ಬೇಲಿಯ ತಂತಿ, ವಿದ್ಯುತ್ ಕಂಬದ ಬೋಲ್ಟು, ಎಲ್ಲದರ ಮೇಲೂ ಸತುವಿನ ಲೇಪವಿದೆ. ಅಲ್ಲಿ ಮುಚ್ಚಿದರೆ ಅದೇ ಸತುವನ್ನು ಕಲ್ಲಿದ್ದಲಿನ ವಿದ್ಯುತ್ತಿನಿಂದ ಇನ್ನೊಂದು ಊರಿನಲ್ಲಿ ತಯಾರಿಸುತ್ತಾರೆ, ಅಲ್ಲಿ ಬೆಟ್ಟ ಕೊರೆದು ಗುಹೆ ಮಾಡುವಷ್ಟು ಹಣವೂ ಕಾನೂನಿನ ಒತ್ತಾಯವೂ ಇರದಿರಬಹುದು. ಸರಕಿನ ಲೆಕ್ಕ ಬರೆಯುವಾಗ ಬಂದದ್ದು, ಹೊರಟದ್ದು ಎಂಬ ಎರಡು ಸಾಲುಗಳ ಜೊತೆಗೆ ಉಳಿದದ್ದು ಎಂಬ ಮೂರನೆಯ ಸಾಲನ್ನೂ ಎಲ್ಲರಿಗೂ ಕಾಣುವಂತೆ ಬರೆಯಬೇಕು. ನಾನು ಕೇಳುವುದು ಇಷ್ಟನ್ನೇ.

ಬರ್ಗೆನ್ ವಿದ್ಯಾರ್ಥಿನಿ:

ಇಷ್ಟು ಉತ್ತರಗಳು ಬರುತ್ತವೆಂದು ಎಣಿಸಿರಲಿಲ್ಲ, ಎಲ್ಲರಿಗೂ ಕೃತಜ್ಞತೆಗಳು. ಕಳೆದ ಶನಿವಾರ ಬಸ್ ಹಿಡಿದು ಮತ್ತೆ ಹೋಗಿ ಬಂದೆ. ಟಿಸ್ಸೆಡಾಲ್‌ನ ಹಳೆಯ ವಿದ್ಯುದಾಗಾರದಲ್ಲಿ ಟರ್ಬೈನ್‌ಗಳು ಸಾಲಾಗಿ ನಿಂತಿವೆ, ಎತ್ತರದ ಕಿಟಕಿಗಳಿಂದ ಫ್ಯೋರ್ಡ್‌ನ ಬೆಳಕು ನೆಲದ ಮೇಲೆ ಬೀಳುತ್ತದೆ. ಗೋಡೆಯಾಚೆ ಬೆಟ್ಟದ ಮೈಗೆ ಒರಗಿದ ಕೊಳವೆಗಳನ್ನು ಕತ್ತು ಮೇಲೆತ್ತಿ ನೋಡಿದಾಗ ಮೇಷ್ಟ್ರು ಹೇಳಿದ 400 ಮೀಟರ್ ಏನೆಂಬುದು ಅರ್ಥವಾಯಿತು.

ಅಲ್ಲಿಂದ ಓಡ್ಡಾಕ್ಕೆ ಬಂದಾಗ ದಕ್ಕೆಯಲ್ಲಿ ಹಡಗು ಇರಲಿಲ್ಲ. ಕಾರ್ಖಾನೆಯ ಹಿಂದಿನ ಬೆಟ್ಟವನ್ನೇ ನೋಡುತ್ತಾ ನಿಂತೆ. ಬರ್ಚ್ ಮರಗಳು ಆಗತಾನೇ ಚಿಗುರಿದ್ದವು, ಹೊರಗಿನಿಂದ ಅದು ಬೇರೆಲ್ಲ ಬೆಟ್ಟಗಳಂತೆಯೇ ಇದೆ. ಕಡಲಿಗರಲ್ಲಿ ಒಂದು ಪ್ರಶ್ನೆ ಕೇಳಬೇಕೆನಿಸಿತು. ಮೇಷ್ಟ್ರ ಲೆಕ್ಕ ದಕ್ಕೆಯಿಂದ ಶುರುವಾಗುತ್ತದೆ. ಕ್ರೇನ್ ಬಾಚಿ ಮುಗಿಸಿದ ಮೇಲೂ ಹಡಗಿನೊಳಗೆ ಸ್ವಲ್ಪ ಪುಡಿ ಉಳಿಯುತ್ತದಲ್ಲವೇ? ಅದನ್ನು ಏನು ಮಾಡುತ್ತಿದ್ದಿರಿ, ಸರ್?

ಮಲ್ಪೆ ಕಡಲಿಗ:

ತಂಗಿ, ಈ ಪ್ರಶ್ನೆಯನ್ನು ನನ್ನ ಸೇವೆಯ ಮೂವತ್ತು ವರ್ಷಗಳಲ್ಲಿ ದಡದ ಯಾರೂ ಕೇಳಿರಲಿಲ್ಲ.

ಕ್ರೇನಿನ ಬಾಯಿ ಮೂಲೆಗಳಿಗೆ ತಲುಪುವುದಿಲ್ಲ. ಪಕ್ಕೆಯ ಕಬ್ಬಿಣದ ಪಟ್ಟಿಗಳ ಹಿಂದೆ, ಏಣಿಯ ಮೆಟ್ಟಿಲುಗಳ ಮೇಲೆ, ತಳದ ನೀರುಗುಂಡಿಯ ಜಾಲರಿಯ ಸುತ್ತ ಪುಡಿ ಕೂತಿರುತ್ತದೆ. ಹುಡುಗರು ಕೆಳಗಿಳಿದು ಸಲಿಕೆಯಿಂದ ಕೆರೆದು, ಪೊರಕೆಯಿಂದ ಗುಡಿಸಿ ಕ್ರೇನಿಗೆ ಕೊಡುತ್ತಿದ್ದರು. ಅದು ಹಣದ ಸರಕಾದ್ದರಿಂದ ದಕ್ಕೆಯವರೂ ಆದಷ್ಟು ಎತ್ತಿಕೊಳ್ಳುತ್ತಿದ್ದರು. ಆ ಮೇಲೂ ಗೋಡೆಗೆ ಮೆತ್ತಿದ್ದು ಉಳಿಯುತ್ತಿತ್ತು. ಮುಂದಿನ ಸರಕು ಗೋಧಿಯೋ ಗೊಬ್ಬರವೋ ಆಗಿದ್ದರೆ ಹೋಲ್ಡ್ ಕನ್ನಡಿಯಂತಿರಬೇಕು. ಫ್ಯೋರ್ಡ್ ದಾಟಿ ಪೈಲಟ್ ಇಳಿದ ಕೂಡಲೇ ಮೆದುಗೊಳವೆ ಹಿಡಿದು ಕಡಲ ನೀರಿನಿಂದ ತೊಳೆಯುತ್ತಿದ್ದೆವು, ತೊಳೆದ ನೀರನ್ನು ಪಂಪ್ ಹಚ್ಚಿ ಹೊರಗೆ ಬಿಡುತ್ತಿದ್ದೆವು. ಮೊದಲ ಹತ್ತು ನಿಮಿಷ ಹಡಗಿನ ಪಕ್ಕದಲ್ಲಿ ಬೂದುಬಣ್ಣದ ಪಟ್ಟಿಯೊಂದು ಕಾಣುತ್ತಿತ್ತು, ಆಮೇಲೆ ಕರಗುತ್ತಿತ್ತು.

ಅಂದು ಅದು ತಪ್ಪೆಂದು ಯಾರೂ ಹೇಳುತ್ತಿರಲಿಲ್ಲ. 2013ರ ಜನವರಿಯಿಂದ ಅಂತರರಾಷ್ಟ್ರೀಯ ನಿಯಮ ಬಿಗಿಯಾಗಿ, ಕಡಲಿಗೆ ಹಾನಿಕರವಾದ ಸರಕಿನ ಉಳಿಕೆಯನ್ನೂ ಅದನ್ನು ತೊಳೆದ ನೀರನ್ನೂ ಹೊರಗೆ ಬಿಡುವಂತಿಲ್ಲ, ದಡದಲ್ಲೇ ಒಪ್ಪಿಸಬೇಕು. ಅಷ್ಟರಲ್ಲಿ ನಾನು ಸೇವೆ ಮುಗಿಸುವ ಹಂತಕ್ಕೆ ಬಂದಿದ್ದೆ. ಒಂದು ಪಯಣಕ್ಕೆ ಎಷ್ಟಿತ್ತೆಂದು ಕೇಳಿದರೆ, ನನ್ನ ಕಣ್ಣಂದಾಜು ಹತ್ತು ಹನ್ನೆರಡು ಬಕೆಟ್. ಓದುಗಿಯವರು ಹೇಳಿದ ಮೂರನೆಯ ಸಾಲಿನಲ್ಲಿ ಇದನ್ನೂ ಬರೆದುಕೊಳ್ಳಿ. ನಾನು ಡಬ್ಲಿನ್‌ನಿಂದ ಓಡ್ಡಾಕ್ಕೆ ಮಾಡಿದ್ದು ಒಟ್ಟು ಆರು ಪಯಣ.